ಅಡಿಕೆ ಶೆಡ್ಡಿನಲ್ಲಿ ಸಿಕ್ಕ 1951ರ ಮಾರಿಸ್ ಮೈನರ್: 4.5 ಲಕ್ಷ ಹೇಳುತ್ತಿದ್ದಾರೆ, ಕೊಡಬಹುದಾ?

ಮಲೆನಾಡ_ಮಾಣಿ
ಎಲ್ಲರಿಗೂ ನಮಸ್ಕಾರ. ವಿಂಟೇಜ್ ಕಾರು ಕೊಳ್ಳುವುದು ನನಗೆ ಇದೇ ಮೊದಲು. ಬೈಯುವವರು ಸ್ವಲ್ಪ ಮೆಲ್ಲಗೆ ಬೈಯಿರಿ.

ತೀರ್ಥಹಳ್ಳಿ ಹತ್ತಿರ ದೂರದ ನೆಂಟರ ಮನೆಗೆ ಹೋಗಿದ್ದೆ. ಅಡಿಕೆ ಬೇಯಿಸುವ ಶೆಡ್ಡಿನ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ ಒಂದು ಮಾರಿಸ್ ಮೈನರ್ ನಿಂತಿದೆ. ಎರಡು ಬಾಗಿಲಿನದು. ಮುಂದಿನ ದೀಪಗಳು ಮಡ್‌ಗಾರ್ಡ್ ಮೇಲಿಲ್ಲ, ಕೆಳಗೆ ಗ್ರಿಲ್ ಪಕ್ಕದಲ್ಲಿವೆ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿದೆ, ನೋಡೋಕೆ ಮುದ್ದಾಗಿದೆ. ಪುಸ್ತಕದ ಆರ್‌ಸಿ ಇದೆ. ಎಂವೈ ಎಂದು ಶುರುವಾಗುವ ಹಳೆ ಮೈಸೂರು ನಂಬರ್, 1951 ಎಂದು ಬರೆದಿದೆ. ಆರ್‌ಸಿ ಆ ಮನೆಯ ಅಜ್ಜಯ್ಯನ ಹೆಸರಿನಲ್ಲಿದೆ, ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಕಾರು ಕೊನೆಗೆ ಓಡಿದ್ದು 1988ರಲ್ಲಂತೆ.

ಮೊಮ್ಮಗ 4.5 ಲಕ್ಷ ಹೇಳುತ್ತಿದ್ದಾನೆ. ಅಂತರ್ಜಾಲದಲ್ಲಿ ಇಂಥದ್ದೇ ಕಾರಿಗೆ 6 ಲಕ್ಷ ಹಾಕಿದ್ದನ್ನು ನನಗೇ ತೋರಿಸಿದ. ನನ್ನ ಹತ್ತಿರ ಒಟ್ಟು 6 ಲಕ್ಷ ಇದೆ, ಕಾರಿಗೂ ಕೆಲಸಕ್ಕೂ ಸೇರಿ. ಕೊಡಬಹುದಾ?

ಹಳೇಗಾಡಿ_ಹುಚ್ಚ
4.5 ಲಕ್ಷಕ್ಕೆ ಅಡಿಕೆ ಶೆಡ್ಡೂ ಬರುತ್ತಾ?

ಜೆಸಿರೋಡ್_ಜಾಣ
ಜಾಹೀರಾತಿನಲ್ಲಿ ಇರುವುದು ಮಾರುವವನ ಆಸೆ. ಅಷ್ಟಕ್ಕೆ ಯಾರಾದರೂ ಕೊಂಡರಾ ಅನ್ನೋದು ಬೇರೆ ವಿಷಯ. ನಾನು ಒಂದು ಲ್ಯಾಂಡ್‌ಮಾಸ್ಟರ್ ಜಾಹೀರಾತನ್ನು ಮೂರು ದೀಪಾವಳಿಯಿಂದ ನೋಡುತ್ತಿದ್ದೇನೆ. ಫೋಟೋನೂ ಅದೇ, ಬೆಲೆ ಮಾತ್ರ ವರ್ಷ ವರ್ಷ ಏರುತ್ತಿದೆ.

ಲೆಕ್ಕ ಹಿಂದಿನಿಂದ ಹಾಕಿ. ಇದೇ ಕಾರು ಕೆಲಸ ಮುಗಿದು, ಕಾಗದ ಸರಿಯಾಗಿ, ನೀಟಾಗಿ ಓಡುತ್ತಿದ್ದರೆ ಎಷ್ಟಕ್ಕೆ ಹೋಗಬಹುದು? ಈಚೆಗೆ ನಿಜವಾಗಿ ಕೊಂಡವರನ್ನು ಕೇಳಿ, ಮಾರುವವರನ್ನಲ್ಲ. ಅದರಲ್ಲಿ ಕೆಲಸದ ಖರ್ಚು ಕಳೆಯಿರಿ. ಉಳಿದದ್ದೇ ಇವತ್ತಿನ ಬೆಲೆ. ತುಂಬಾ ಸಲ ಅದು ಸೊನ್ನೆಗಿಂತ ಕೆಳಗೆ ಬರುತ್ತದೆ. ಹೆದರಬೇಡಿ, ನಮ್ಮೆಲ್ಲರ ಕಾರಿನದೂ ಅದೇ ಕಥೆ.

ಹೆರಾಲ್ಡ್_ಮಾವ
ಜಾಣ ಹೇಳಿದ್ದಕ್ಕೆ ನಾನೇ ಸಾಕ್ಷಿ. ನನ್ನದು 1965ರ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. 90 ಸಾವಿರಕ್ಕೆ ಕೊಂಡೆ. ಮನೆಯಲ್ಲಿ "3 ಲಕ್ಷದಲ್ಲಿ ಮುಗಿಯುತ್ತದೆ" ಎಂದಿದ್ದೆ. ಮೂರೂವರೆ ವರ್ಷ ಹಿಡಿಯಿತು, 7 ಲಕ್ಷ ದಾಟಿತು. ಮನೆಯಲ್ಲಿ ಇವತ್ತಿಗೂ 4 ಅಂತಲೇ ಗೊತ್ತು, ದಯವಿಟ್ಟು ಯಾರೂ ಇದನ್ನು ಹಂಚಬೇಡಿ.

ಎಂಜಿನ್ ಕೆಲಸಕ್ಕೆ ಒಂದು ಮಿತಿ ಇದೆ. ಬೋರಿಂಗ್, ಪಿಸ್ಟನ್, ಬೇರಿಂಗ್, ವಾಲ್ವ್, ಅಷ್ಟೇ. ದುಡ್ಡು ತಿನ್ನುವುದು ಟಿಂಕರಿಂಗ್. ನನ್ನ ಅರ್ಧದಷ್ಟು ದುಡ್ಡು ತಗಡು ಮತ್ತು ಬಣ್ಣಕ್ಕೇ ಹೋಯಿತು. ಆಮೇಲೆ ಕ್ರೋಮ್ ಪ್ಲೇಟಿಂಗ್, ಕುಶನ್, ವೈರಿಂಗ್, ಬಾಗಿಲಿನ ರಬ್ಬರು. ಒಂದೊಂದೂ ಸಣ್ಣ ಸಣ್ಣ ಬಿಲ್ಲು. ಕೂಡಿಸಬೇಡಿ, ನಿದ್ದೆ ಬರೊಲ್ಲ.

ಪಂಚಾಂಗದ_ಪುಟ್ಟಣ್ಣ
ಒಂದು ತಿದ್ದುಪಡಿ. ಇದು ವಿಂಟೇಜ್ ಅಲ್ಲ. ವಿಂಟೇಜ್ ಅಂದರೆ 1919ರಿಂದ 1930ರವರೆಗಿನ ಕಾರು. 1951ರದು ಕ್ಲಾಸಿಕ್.

ಹಳೇಗಾಡಿ_ಹುಚ್ಚ
ಪುಟ್ಟಣ್ಣ ಬಂದರು. ಇನ್ನು ಚರ್ಚೆ ಮುಗಿದ ಹಾಗೆ.

ವಕೀಲಮ್ಮ
ಕ್ಲಬ್ಬಿನವರ ಲೆಕ್ಕ ಅದು, ಪುಟ್ಟಣ್ಣನವರೇ. ಸರ್ಕಾರದ ಲೆಕ್ಕ ಬೇರೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕು, ಕಾರುಗಳು ವಿಂಟೇಜ್. ಆದರೆ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಿದರೆ ವಿಎ ಸರಣಿಯ ನಂಬರ್, 20,000 ರೂಪಾಯಿ ಶುಲ್ಕ, 10 ವರ್ಷ ಊರ್ಜಿತ. ಮೊದಲೇ ನೋಂದಣಿ ಆಗಿರುವ ಗಾಡಿ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಒಂದು ಮಾತು ಮರೆಯಬೇಡಿ: ವಿಂಟೇಜ್ ಎಂದು ಮಾಡಿಸಿದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ.

ಈಗ ಮಾಣಿ, ನಿನ್ನ ವಿಷಯ. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದಾರೆ. ಅಂದರೆ ಮೊಮ್ಮಗ ನಿನಗೆ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಆಮೇಲೆ ನಿನ್ನ ಹೆಸರಿಗೆ ಫಾರಂ 29, 30. ಮನೆಯಲ್ಲಿ ಎಷ್ಟು ಜನ ಅಣ್ಣತಮ್ಮಂದಿರು? ಅಕ್ಕತಂಗಿಯರನ್ನು ಮರೆಯಬೇಡ, ಅವರಿಗೂ ಹಕ್ಕಿದೆ.

ಮಲೆನಾಡ_ಮಾಣಿ
ಮೇಡಂ, ಅಜ್ಜಿ ಇದ್ದಾರೆ. ನಾಲ್ಕು ಜನ ಮಕ್ಕಳು. ಅವರಲ್ಲಿ ಇಬ್ಬರು ತೋಟದ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದಾರೆ.

ವಕೀಲಮ್ಮ
ಹಾಗಿದ್ದರೆ ಒಂದು ರೂಪಾಯಿ ಕೂಡ ಕೈಯಿಂದ ಬಿಡಬೇಡ. ನಾಲ್ಕೂ ಸಹಿ ಬಿದ್ದ ಮೇಲೆ ಮಾತು.

ಕುಡ್ಲದ_ಕಾರು
ನಮ್ಮ ಕಡೆ ಒಬ್ಬರು ಹೀಗೇ ಮುಂಗಡ ಕೊಟ್ಟು ಆಸ್ಟಿನ್ ತಂದಿದ್ದರು ಮಾರಾಯ್ರೆ. ಬಣ್ಣ ಎಲ್ಲ ಹೊಡೆದು, ಸೀಟು ಹಾಕಿಸಿ ಆದ ಮೇಲೆ ಮುಂಬೈಯಿಂದ ಒಬ್ಬಳು ಮಗಳು ಬಂದು "ಅಪ್ಪನ ಕಾರು ನನಗೆ ಬೇಕು" ಅಂದಳು. ಈಗ ಕಾರು ಅವರ ಮನೆಯಲ್ಲಿದೆ. ಇವರು ನೋಡಲು ಹೋದರೆ ಒಳ್ಳೆಯ ಕಾಫಿ ಕೊಡುತ್ತಾರೆ.

ಸೈಡ್‌ವಾಲ್ವ್
ಯಾರೂ ಗಮನಿಸಲಿಲ್ಲವಾ? ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿದೆ ಎಂದು ಬರೆದಿದ್ದಾರೆ. ಮೈನರ್‌ಗೆ ಯಾವತ್ತೂ ಗೇರ್ ನೆಲದಲ್ಲೇ. ಸ್ಟೀರಿಂಗ್ ಪಕ್ಕದ ಗೇರ್ ಫಿಯೆಟ್‌ನದು. ಮಾಣಿ, ಬಾನೆಟ್ ಎತ್ತಿ ಫೋಟೋ ಹಾಕಿ. ಆ ಕಾರಿನಲ್ಲಿ ಈಗ ಇರುವುದು ಮಾರಿಸ್ ಎಂಜಿನ್ ಅಲ್ಲ ಅಂತ ನನ್ನ ಅನುಮಾನ.

ಫೋಟೋ ಬರುವಷ್ಟರಲ್ಲಿ ಕಾರಿನ ಬಗ್ಗೆ ಹೇಳುತ್ತೇನೆ. ಮೈನರ್ ಬಂದದ್ದು 1948ರಲ್ಲಿ, ಅಲೆಕ್ ಇಸಿಗೋನಿಸ್ ಎಂಬವರ ವಿನ್ಯಾಸ. ಆಮೇಲೆ ಮಿನಿ ಮಾಡಿದವರೂ ಅವರೇ. ಮೊದಲ ಮಾಡೆಲ್ಲಿಗೆ 918 ಸಿಸಿ ಸೈಡ್‌ವಾಲ್ವ್ ಎಂಜಿನ್, ಅಂದರೆ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವುದು. ತಯಾರಿಗೆ ಇನ್ನೇನು ಹೋಗಬೇಕು ಅನ್ನುವಾಗ ಇಸಿಗೋನಿಸ್‌ಗೆ ಕಾರು ಸಣಕಲು ಅನ್ನಿಸಿತಂತೆ. ಉದ್ದಕ್ಕೆ ನಡುವೆ ಕತ್ತರಿಸಿ, ಎರಡು ಅರ್ಧವನ್ನೂ ದೂರ ಸರಿಸಿ ನೋಡಿ, ನಾಲ್ಕು ಇಂಚು ಅಗಲ ಮಾಡಿದರು. ಬಾನೆಟ್ ನಡುವಿನ ಚಪ್ಪಟೆ ಪಟ್ಟಿ ಆ ನಾಲ್ಕು ಇಂಚಿನದೇ. ಅಷ್ಟರಲ್ಲಿ ಬಂಪರುಗಳು ತಯಾರಾಗಿದ್ದವು. ಅವನ್ನೂ ಕತ್ತರಿಸಿ ನಡುವೆ ಒಂದು ತುಂಡು ಸೇರಿಸಿದರು. ಅಂಥ ಬಂಪರ್ ಇರುವ ಕಾರು ಸಿಕ್ಕರೆ ಜಾಯಿಂಟ್ ಕಂಡು "ಯಾರೋ ಬೆಸುಗೆ ಹಾಕಿದ್ದಾರೆ" ಎಂದು ಸರಿ ಮಾಡಿಸಲು ಹೋಗಬೇಡಿ. ಒಬ್ಬರು ಮಾಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಕೆಳಗಿನ ದೀಪದ ಮಾಡೆಲ್ 1951ರ ಶುರುವಿಗೇ ನಿಂತಿತು. ಹಾಗಾಗಿ ನಿಮ್ಮದು 1949 ಅಥವಾ 50ರಲ್ಲಿ ತಯಾರಾಗಿ, ಇಲ್ಲಿ 51ರಲ್ಲಿ ನೋಂದಣಿ ಆಗಿರಬಹುದು. ಬ್ಯಾಡ್ಜ್ ನೋಡಿ. ಹಿಂದೂಸ್ಥಾನ್ ಮೋಟರ್ಸ್ ಇದನ್ನೇ 'ಬೇಬಿ ಹಿಂದೂಸ್ಥಾನ್' ಎಂದು ಮಾರುತ್ತಿತ್ತು.

ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ತುಕ್ಕು ಎಲ್ಲಿದೆ ಅನ್ನೋದರ ಮೇಲೆ ಬೆಲೆ ನಿಂತಿದೆ. ಮಡ್‌ಗಾರ್ಡ್ ಕೊಳೆತಿದ್ದರೆ ಚಿಂತೆಯಿಲ್ಲ, ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಕಾರಿನ ಕೆಳಗೆ ಮಲಗಿ ಇವನ್ನು ನೋಡಿ: ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಬಂದು ಸೇರುವ ಅಡ್ಡ ತೊಲೆ, ಎಂಜಿನ್ ಅಕ್ಕಪಕ್ಕದ ಎರಡು ಉದ್ದ ಕಾಲುಗಳು, ಬಾಗಿಲ ಕೆಳಗಿನ ಪೆಟ್ಟಿಗೆ ಪಟ್ಟಿ, ಜಾಕಿ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ನೇತಾಡುವ ಜಾಗ. ಬಲಗಡೆ ಸ್ಟೀರಿಂಗ್ ಕಾರಲ್ಲವಾ, ಬ್ರೇಕ್ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿ, ಬಲಗಡೆಯ ಉದ್ದ ಕಾಲಿನ ಒಳಗೇ ಇರುತ್ತದೆ. ಆ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಟಣ್ ಅಂದರೆ ಸರಿ. ಬಿಸ್ಕತ್ತಿನ ಹಾಗೆ ಒಳಗೆ ಹೋದರೆ ಮನೆಗೆ ವಾಪಸ್ಸು ಬನ್ನಿ.

ಜೆಸಿರೋಡ್_ಜಾಣ
ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಇಡಿ. ಜಾರಿ ಬಿದ್ದ ಕಡೆ ಒಳಗೆ ತಗಡಲ್ಲ, ಪುಟ್ಟಿ. ನಾನು ನೋಡಿದ ಒಂದು ಅಂಬಾಸಿಡರ್‌ನಲ್ಲಿ ಬಾಗಿಲು ತುಂಬಾ ಪುಟ್ಟಿ. ತಗಡು ಹುಡುಕಲು ಪುರಾತತ್ವ ಇಲಾಖೆಯೇ ಬರಬೇಕಿತ್ತು.

ಹುಬ್ಳಿ_ಗ್ಯಾರೇಜ್
ಏನ್ರೀ ಇದು, ಇಷ್ಟು ಹೆದರಿಸಿದರೆ ಹುಡುಗ ಹಳೆ ಗಾಡಿ ತಗೊಳ್ಳೋದೇ ಬಿಡ್ತಾನ. ಫಿಯೆಟ್ ಎಂಜಿನ್ ಇದ್ದರೇನಾತು? ಸೈಡ್‌ವಾಲ್ವ್‌ಗಿಂತ ಛಲೋ ಎಳೆಯುತ್ತದೆ. 1089 ಸಿಸಿ, ಓವರ್‌ಹೆಡ್ ವಾಲ್ವ್, ಅಂದರ ವಾಲ್ವ್ ಸಿಲಿಂಡರ್ ಮ್ಯಾಲ. ಇಲ್ಲಿ ಫಿಯೆಟ್ ಮಾಡುತ್ತಿದ್ದ ಪ್ರೀಮಿಯರ್‌ನವರು 1954ರಿಂದ ಪದ್ಮಿನಿ ಮುಗಿಯುವವರೆಗೂ ಅದೇ ಎಂಜಿನ್ ಹಾಕಿದರು. ಸಾಮಾನು ಇವತ್ತೂ ಸಿಗುತ್ತದೆ. ಘಾಟ್ ಹತ್ತುವಾಗ 27 ಕುದುರೆಯ ಎಂಜಿನ್ ಇಟ್ಟುಕೊಂಡು ಏನ್ ಮಾಡ್ತೀರಿ, ಇಳಿದು ತಳ್ಳತೀರೇನು?

ಸೈಡ್‌ವಾಲ್ವ್
ಓಡಿಸೋಕೆ ಒಳ್ಳೆಯದು, ಒಪ್ಪಿದೆ. ಪ್ರಶ್ನೆ ಬೆಲೆಯದು. ಮೂಲ ಎಂಜಿನ್ ಇಲ್ಲದ ಕಾರಿಗೆ ಮೂಲ ಎಂಜಿನ್ ಇರುವ ಕಾರಿನ ಬೆಲೆ ಯಾಕೆ ಕೊಡಬೇಕು? ವಕೀಲಮ್ಮ ಹೇಳಿದ ನಿಯಮಕ್ಕೂ ತೊಡಕು. ಗೇರ್‌ಬಾಕ್ಸ್ ಕೂರಿಸಲು ನೆಲದ ಸುರಂಗ (ಕಾರಿನ ನಡುವಿನ ಉಬ್ಬು) ಕತ್ತರಿಸಿದ್ದರೆ ಬಾಡಿಯೂ ಮೂಲದ್ದಲ್ಲ ಎಂದಾಯಿತು.

ಹುಬ್ಳಿ_ಗ್ಯಾರೇಜ್
ನೀವು ಮ್ಯೂಸಿಯಂನಾಗ ಇಡ್ರಿ, ನಾವು ರಸ್ತೆ ಮ್ಯಾಲ ಓಡಸ್ತೀವಿ.

ಕುಡ್ಲದ_ಕಾರು
ಮ್ಯೂಸಿಯಂ ಅಂದಾಗ ನೆನಪಾಯಿತು. ಮಾಣಿ, ಒಂದು ಭಾನುವಾರ ಧರ್ಮಸ್ಥಳದ ಕಾರು ಸಂಗ್ರಹ ನೋಡಿ ಬನ್ನಿ. ಇಲ್ಲದಿದ್ದರೆ ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಕಾರು ಮ್ಯೂಸಿಯಂ ಇದೆ. ಸರಿಯಾಗಿ ಉಳಿಸಿದ ಕಾರಿನ ಬಾಗಿಲು, ಬೀಡಿಂಗು, ಗ್ಲಾಸು ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾದರೆ ಶೆಡ್ಡಿನ ಕಾರಿನಲ್ಲಿ ಏನೇನಿಲ್ಲ ಎಂದು ತಾನಾಗಿ ಕಾಣುತ್ತದೆ.

ಗೂಳಿ_ಬಜಾರ್
ಬಲಗಡೆ ಸ್ಟೀರಿಂಗ್ ಹಳೆ ಕಾರಿಗೆ ಲಂಡನ್ನಿನಲ್ಲಿ ಭಾರಿ ಬೆಲೆ. 4.5ಕ್ಕೆ ತಗೊಂಡು ಹೊರಗೆ ಕಳಿಸಿದರೆ ಡಬಲ್ ಆಗುತ್ತದೆ.

ಬರ್ಮಿಂಗ್‌ಹ್ಯಾಮ್_ಭಟ್ಟ
ಇಲ್ಲೇ ಕೂತಿದ್ದೇನೆ, ಹೇಳುತ್ತೇನೆ ಕೇಳಿ. ಇಲ್ಲಿ ಮೈನರ್ ಅಪರೂಪವೇ ಅಲ್ಲ. 1971ರವರೆಗೆ ಹದಿನಾರು ಲಕ್ಷ ಕಾರು ಮಾಡಿದ್ದಾರೆ. ಬ್ರಿಟನ್ನಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರು ಇದೇ. ನಮ್ಮ ಬೀದಿಯಲ್ಲೇ ಎರಡಿವೆ. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ವರ್ಷ ವರ್ಷದ ತಪಾಸಣೆಯೂ ಕಡ್ಡಾಯವಲ್ಲ. ಹಾಗಾಗಿ ನಿವೃತ್ತರೆಲ್ಲ ಒಂದೊಂದು ಇಟ್ಟುಕೊಂಡಿದ್ದಾರೆ. ಹಡಗಿನ ಬಾಡಿಗೆ ಕೊಟ್ಟು ಫಿಯೆಟ್ ಎಂಜಿನ್ನಿನ ಮೈನರ್ ತಂದರೆ ಇವರು ನಕ್ಕು ಚಹಾ ಕೊಟ್ಟು ಕಳಿಸುತ್ತಾರೆ.

ಬಲಗಡೆ ಸ್ಟೀರಿಂಗಿನ ಲಾಭ ಇರುವುದು ಸಾಮಾನಿನಲ್ಲಿ. ಇಲ್ಲಿಯೂ ಅಲ್ಲಿಯೂ ಒಂದೇ ಕಡೆ ಸ್ಟೀರಿಂಗ್. ಸ್ಟೀರಿಂಗ್ ರ್‍ಯಾಕ್, ಮಾಸ್ಟರ್ ಸಿಲಿಂಡರ್, ವೈಪರ್, ನೆಲದ ತಗಡು, ಎಲ್ಲ ಹೊಸದಾಗಿಯೇ ಸಿಗುತ್ತದೆ, ನೇರ ಕೂರುತ್ತದೆ. ಆದರೆ ಹುಷಾರು. ಹೆಚ್ಚಿನದು 1956ರ ನಂತರದ ಮೈನರ್ 1000ರದು. 918 ಸಿಸಿ ಎಂಜಿನ್ನಿನ ಸಾಮಾನಿಗೆ ಇಲ್ಲೂ ಹುಡುಕಾಡಬೇಕು. ಕೊರಿಯರ್, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ.

ಶೆವರ್ಲೆ_ಸಾಹುಕಾರ
ಭಟ್ಟರ ಮಾತು ಬ್ರಿಟಿಷ್ ಕಾರಿಗೆ ಸರಿ. ಅಮೆರಿಕದ ಕಾರಿಗೆ ಉಲ್ಟಾ. ನನ್ನದು 1947ರ ಶೆವರ್ಲೆ ಫ್ಲೀಟ್‌ಮಾಸ್ಟರ್. ಆರು ಸಿಲಿಂಡರ್ ಎಂಜಿನ್ನಿಗೆ ಏನು ಕೇಳಿದರೂ ಅಮೆರಿಕದಲ್ಲಿ ಸಿಗುತ್ತದೆ. ಡ್ಯಾಶ್‌ಬೋರ್ಡ್ ಮಾತ್ರ ಸಿಗುವುದಿಲ್ಲ! ಅಲ್ಲಿ ಎಲ್ಲವೂ ಎಡಗಡೆ ಸ್ಟೀರಿಂಗ್. ಮೀಟರ್ ಇರಬೇಕಾದ ಕಡೆ ಸಾಮಾನಿಡುವ ಡಬ್ಬಿ, ಡಬ್ಬಿ ಇರಬೇಕಾದ ಕಡೆ ಮೀಟರ್. ಆಸ್ಟ್ರೇಲಿಯಾದಲ್ಲಿ ಹೋಲ್ಡನ್‌ನವರು ಬಲಗಡೆ ಸ್ಟೀರಿಂಗ್ ಶೆವರ್ಲೆ ಬಾಡಿ ಕಟ್ಟುತ್ತಿದ್ದರು. ಅಲ್ಲಿರುವ ನನ್ನ ಷಡ್ಡಕ ಎರಡು ವರ್ಷ ಹುಡುಕಿ, ಒಂದು ಡ್ಯಾಶ್‌ಬೋರ್ಡ್ ಕಳಿಸಿದ. ಯಾರಾದರೂ ಅಮೆರಿಕನ್ ಕಾರು ಕೊಳ್ಳುವವರಿದ್ದರೆ ಮೊದಲು ಸ್ಟೀರಿಂಗ್ ಬಾಕ್ಸ್, ಪೆಡಲ್, ಡ್ಯಾಶ್‌ಬೋರ್ಡ್ ಇದೆಯಾ ನೋಡಿ. ಎಂಜಿನ್ ಆಮೇಲೆ.

ಪಂಚಾಂಗದ_ಪುಟ್ಟಣ್ಣ
1947ರದು ಕೂಡ ವಿಂಟೇಜ್ ಅಲ್ಲ.

ಶೆವರ್ಲೆ_ಸಾಹುಕಾರ
ಗೊತ್ತು ಸ್ವಾಮಿ.

ಮಲೆನಾಡ_ಮಾಣಿ
ಭಾನುವಾರ ಮತ್ತೆ ಹೋಗಿದ್ದೆ. ಫೋಟೋಗಳು ಹಾಕಿದ್ದೇನೆ. ಸೈಡ್‌ವಾಲ್ವ್ ಸಾರ್ ಹೇಳಿದ್ದೇ ನಿಜ, ಫಿಯೆಟ್ ಎಂಜಿನ್. ಆರ್‌ಸಿ ಪುಸ್ತಕದ ಹಿಂದಿನ ಪುಟದಲ್ಲಿ 1974ರಲ್ಲಿ ಎಂಜಿನ್ ಬದಲಾಯಿಸಿದ್ದು ಬರೆದು ಸೀಲು ಹಾಕಿದ್ದಾರೆ. ನಂಬರ್ ತಾಳೆಯಾಗುತ್ತದೆ. ನೆಲದ ಸುರಂಗವನ್ನು ಸ್ವಲ್ಪ ಕತ್ತರಿಸಿ ತಗಡು ಬೆಸೆದಿದ್ದಾರೆ.

ಕೆಳಗೆ ಮಲಗಿ ನೋಡಿದೆ. ಅಡ್ಡ ತೊಲೆ ಟಣ್ ಅಂತು. ಬಲಗಡೆಯ ಉದ್ದ ಕಾಲಿನಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯಿತು, ಒಂದು ಗೇಣು ಜಾಗ. ಎಡಗಡೆ ಗಟ್ಟಿ. ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆ ಹೋಗಿವೆ. ಮ್ಯಾಗ್ನೆಟ್ ಎಲ್ಲೂ ಬೀಳಲಿಲ್ಲ. ಬಾನೆಟ್ ಮೇಲೆ ಮಾರಿಸ್ ಬ್ಯಾಡ್ಜೇ ಇದೆ. ಬಂಪರಿನಲ್ಲಿ ಜಾಯಿಂಟ್ ಇಲ್ಲ.

ಸೈಡ್‌ವಾಲ್ವ್
ಇದು ನಾನು ಹೆದರಿದಷ್ಟು ಕೆಟ್ಟದಿಲ್ಲ. ಪುಟ್ಟಿ ಇಲ್ಲ ಅನ್ನೋದು ದೊಡ್ಡ ವಿಷಯ. ಯಾರೂ ಮೋಸದ ಕೆಲಸ ಮಾಡಿಲ್ಲ. ಬಲಗಾಲು ಮತ್ತು ಪಟ್ಟಿಗಳಿಗೆ ಹೊಸ ತಗಡು ಸಿಗುತ್ತದೆ, ಬೆಸೆಯಬಹುದು. ಬೆಸೆಯುವ ಮೊದಲು ಬಾಗಿಲುಗಳನ್ನು ಹಾಕಿಯೇ ಇಡಿ, ಬಾಡಿಗೆ ಒಳಗಿನಿಂದ ಆಧಾರ ಕೊಡಿ. ಇಲ್ಲದಿದ್ದರೆ ಕಾರು ನಡುವೆ ಬಗ್ಗಿ, ಆಮೇಲೆ ಬಾಗಿಲು ಕೂರುವುದಿಲ್ಲ.

ವಕೀಲಮ್ಮ
1974ರ ಸೀಲು ಇರುವುದು ನಿನ್ನ ಪುಣ್ಯ. ಬದಲಾವಣೆ ಕದ್ದು ಮಾಡಿದ್ದಲ್ಲ. ನನ್ನ ಸಲಹೆ, ವಿಂಟೇಜ್ ದಾರಿ ಬಿಡು. ಮಾಮೂಲಿ ನೋಂದಣಿ ನವೀಕರಣಕ್ಕೆ ಹೋಗು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ ಮಾಡಿದ್ದಾರೆ. ಐದು ವರ್ಷಕ್ಕೊಮ್ಮೆ ಕೊಡಬೇಕು. ಆದರೆ ದಿನಾ ಓಡಿಸಬಹುದು. ಪುಸ್ತಕದ ಆರ್‌ಸಿ ಆನ್‌ಲೈನ್‌ನಲ್ಲಿ ಕಾಣದಿದ್ದರೆ ಮೊದಲು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಬೇಕು. ದುಡ್ಡು ಕೊಡುವ ಮುಂಚೆಯೇ ವಿಚಾರಿಸು. ಅಲ್ಲಿ ಕಡತ ಸಿಗಲಿಲ್ಲ ಅಂದರೆ ನೀನು ಕೊಳ್ಳುತ್ತಿರುವುದು ಕಾರಲ್ಲ, ತಗಡು.

ಜೆಸಿರೋಡ್_ಜಾಣ
ಈಗ ಬೆಲೆಗೆ ಬರೋಣ. ಓಡುವ, ಕಾಗದ ಸರಿಯಿರುವ, ಫಿಯೆಟ್ ಎಂಜಿನ್ನಿನ ಮೈನರ್‌ಗೆ ನಾನಾದರೆ 5 ಲಕ್ಷದ ಹತ್ತಿರ ಕೊಟ್ಟೇನು, ಅದೂ ಮನಸ್ಸು ಚೆನ್ನಾಗಿದ್ದ ದಿನ. ಮಾಣಿಯ ಕೆಲಸಕ್ಕೆ ಕಡಿಮೆ ಅಂದರೂ 4 ಬೇಕು. ಉಳಿಯಿತು 1. ಕೆಳಗಿನ ದೀಪದ ಮಾಡೆಲ್, ಪುಟ್ಟಿ ಇಲ್ಲ, ಒಂದೇ ಮನೆಯ ಕಾರು ಎಂದು ಸ್ವಲ್ಪ ಸೇರಿಸಿ. 1.25ರಿಂದ 1.5. ಅದರ ಮೇಲೆ ಒಂದು ಪೈಸೆ ಬೇಡ.

ಹುಬ್ಳಿ_ಗ್ಯಾರೇಜ್
2 ಕೊಟ್ಟರೂ ತಪ್ಪಿಲ್ಲರಿ. ಎಂಜಿನ್ ಸಾಮಾನಿಗೆ ಅಲೆಯೋದು ಉಳೀತಲ್ಲ.

ಹೆರಾಲ್ಡ್_ಮಾವ
ಬೆಲೆ ಮಾತಾಡುವ ಮುಂಚೆ ಅಟ್ಟ ಹತ್ತಿ ನೋಡಿ ಮಾಣಿ. ಹಳೆ ಮನೆಯವರು ಏನನ್ನೂ ಬಿಸಾಡುವುದಿಲ್ಲ. ನನ್ನ ಹೆರಾಲ್ಡಿನ ವೀಲ್ ಕಪ್ಪುಗಳು ಸಿಕ್ಕಿದ್ದು ಕೋಳಿಗೆ ನೀರಿಡುವ ತಟ್ಟೆಯಾಗಿ.

ಮಲೆನಾಡ_ಮಾಣಿ
ಮಾವ, ನಿಮ್ಮ ಕಾಲಿಗೆ ಬಿದ್ದೆ. ಅಟ್ಟದಲ್ಲಿ ಸಿಕ್ಕಿದ್ದು: ಎಂಜಿನ್ ತಿರುಗಿಸುವ ಹ್ಯಾಂಡಲ್, ಜಾಕಿ, ಒಂದು ಜೊತೆ ಟ್ರಾಫಿಕೇಟರ್ (ಕಂಬದೊಳಗಿಂದ ಕೈಯಂತೆ ಹೊರಗೆ ಬರುವ ಹಳೆ ಇಂಡಿಕೇಟರ್), ಒಡೆಯದ ಒಂದು ಮುಂದಿನ ಗಾಜು, ಎಸ್‌ಯು ಕಾರ್ಬುರೇಟರ್, ಮತ್ತೆ ಮೂಲ ಗೇರ್‌ಬಾಕ್ಸ್. ಎಂಜಿನ್ ಬ್ಲಾಕ್ ಮಾತ್ರ ಗುಜರಿಗೆ ಹೋಗಿದೆ. ಅಜ್ಜಿ ನೆನಪಿಟ್ಟುಕೊಂಡು ಹೇಳಿದರು: "ನಲವತ್ತು ರೂಪಾಯಿ ಕೊಟ್ಟ, ಎರಡು ಅಲ್ಯೂಮಿನಿಯಂ ಪಾತ್ರೆ ಬಂತು."

ಸೈಡ್‌ವಾಲ್ವ್
ನಲವತ್ತು ರೂಪಾಯಿ! ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತೇನೆ.

ಮಲೆನಾಡ_ಮಾಣಿ
ಬೆಲೆ ವಿಷಯ. ಜಾಣ ಸಾರ್ ಲೆಕ್ಕವನ್ನು ಕಾಗದದಲ್ಲಿ ಬರೆದು ಮೊಮ್ಮಗನಿಗೆ ತೋರಿಸಿದೆ. ಅವನಿಗೆ ಕೋಪ ಬಂತು. ಅಜ್ಜಿಗೆ ಬರಲಿಲ್ಲ. "ಮೂವತ್ತು ವರ್ಷದಿಂದ ಇಲಿಗೆ ಬಾಡಿಗೆಗೆ ಕೊಟ್ಟಿದ್ದೀವಿ, ಇಲಿ ಒಂದು ರೂಪಾಯಿ ಕೊಡಲಿಲ್ಲ" ಎಂದರು. 1.6ಕ್ಕೆ ಒಪ್ಪಿಗೆಯಾಯಿತು, ಅಟ್ಟದ ಸಾಮಾನು ಸೇರಿ. ಆರ್‌ಟಿಒದಲ್ಲಿ ಕಡತ ಸಿಕ್ಕಿದೆ. ಫಾರಂ 31 ಆಗಿ ಅಜ್ಜಿ ಹೆಸರಿಗೆ ಬಂದ ಮೇಲೆಯೇ ದುಡ್ಡು. ಮಾತು ಬಿಟ್ಟಿದ್ದ ಇಬ್ಬರೂ ಸಹಿ ಹಾಕಿದರು, ಆದರೆ ಬೇರೆ ಬೇರೆ ದಿನ ಬಂದು.

ಜೆಸಿರೋಡ್_ಜಾಣ
10 ಸಾವಿರ ಜಾಸ್ತಿ ಕೊಟ್ಟೆ. ಇರಲಿ, ಗೇರ್‌ಬಾಕ್ಸಿಗೆ ಅಂತ ಇಟ್ಟುಕೊ.

ಬರ್ಮಿಂಗ್‌ಹ್ಯಾಮ್_ಭಟ್ಟ
918 ಬ್ಲಾಕ್ ಕಣ್ಣಿಗೆ ಬಿದ್ದರೆ ತಿಳಿಸುತ್ತೇನೆ. ತರಿಸುವ ಖರ್ಚು ಕೇಳಿ ನನ್ನನ್ನು ಬೈಯಬಾರದು.

ಹುಬ್ಳಿ_ಗ್ಯಾರೇಜ್
ಫಿಯೆಟ್ ಎಂಜಿನ್ ತೆಗೆದರೆ ನನಗೆ ಕೊಡ್ರಿ ಮತ್ತ.

ಸೈಡ್‌ವಾಲ್ವ್
ಬಂದೆ. ಮಾಣಿ, ಎರಡು ಮಾತು. ಎಂಜಿನ್ ಜಾಮ್ ಆಗಿದ್ದರೆ ಬ್ಯಾಟರಿ ಕೊಟ್ಟು ತಿರುಗಿಸಬೇಡಿ. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಡೀಸೆಲ್ ಮತ್ತು ಆಯಿಲ್ ಬಿಟ್ಟು ನಾಲ್ಕು ದಿನ ಕಾಯಿರಿ. ಆಮೇಲೆ ಮೆಲ್ಲಗೆ ಕೈಯಲ್ಲಿ ತಿರುಗಿಸಿ. ಇನ್ನೊಂದು, ಮೈನರ್‌ಗೆ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಹೋಗುತ್ತದೆ. ಫಿಯೆಟ್ ಎಂಜಿನ್ ಹಾಕಿದವರು ಅದನ್ನು ತಿರುಗಿಸಿದ್ದಾರಾ ಇಲ್ಲವಾ ನೋಡಿಕೊಂಡೇ ಬ್ಯಾಟರಿ ಜೋಡಿಸಿ.

ಮಲೆನಾಡ_ಮಾಣಿ
ಸರಿ ಸಾರ್. ಹಿಂದಿನ ಎರಡೂ ಚಕ್ರ ತಿರುಗುತ್ತಿಲ್ಲ. ಶೆಡ್ಡಿನಿಂದ ರಸ್ತೆಗೆ ನೂರು ಮೀಟರ್, ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಆಗುತ್ತಾ?

ಹೆರಾಲ್ಡ್_ಮಾವ
ಬೇಡವೇ ಬೇಡ! ಕೊಳೆತ ಬಲಗಾಲು ಅಲ್ಲೇ ಕಿತ್ತು ಬರುತ್ತದೆ. ಜಾಕಿ ಕೊಟ್ಟು ಚಕ್ರ ಬಿಚ್ಚಿ, ಡ್ರಮ್ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ, ಬ್ರೇಕ್ ಶೂ ಬಿಡಿಸಿ. ಒಂದು ಮಧ್ಯಾಹ್ನದ ಕೆಲಸ.

ಕುಡ್ಲದ_ಕಾರು
ಜಾಕಿ ಕೊಡುವ ಮುಂಚೆ ಸೀಟಿನ ಕೆಳಗೆ ಕೋಲು ಹಾಕಿ ನೋಡಿ ಮಾರಾಯ್ರೆ. ಅಡಿಕೆ ಶೆಡ್ಡು, ಇಲಿ ಬೇರೆ ಇದೆ ಅಂತೀರಿ. ಇಲಿ ಇದ್ದಲ್ಲಿ ಅದನ್ನು ಹುಡುಕಿಕೊಂಡು ಬಂದವನೂ ಇರುತ್ತಾನೆ.

ಮಲೆನಾಡ_ಮಾಣಿ
ಪೊರೆ ಸಿಕ್ಕಿತ್ತು, ಡಿಕ್ಕಿಯಲ್ಲಿ. ಅದನ್ನು ಫೋಟೋದಲ್ಲಿ ಹಾಕಿರಲಿಲ್ಲ.